ಕುಣಿಯುತ್ತಿದ್ದ ಎಪ್ಪತ್ತೆರಡು

ಬೀಳ್ಕೊಡುಗೆಯ ದಿನ ವರ್ಕ್‌ಶಾಪಿನವರು ನನಗೊಂದು ಗೋಡೆ ಗಡಿಯಾರ ಕೊಟ್ಟು, "ಎರಡು ಮಾತಾಡಿ ಮೇಡಂ" ಎಂದರು. ನಾನು ಸರಿಯಾಗಿ ಎರಡೇ ಮಾತಾಡಿದೆ. ಒಂದು ಥ್ಯಾಂಕ್ಸ್, ಇನ್ನೊಂದು ಸಾರಿ. ಥ್ಯಾಂಕ್ಸ್ ಯಾಕೆ ಎನ್ನುವುದು ಎಲ್ಲರಿಗೂ ಗೊತ್ತಾಯಿತು. ಸಾರಿ ಯಾಕೆ ಎನ್ನುವುದು ನನಗೂ ಗೊತ್ತಾಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. ಹದಿನೆಂಟು ವರ್ಷ ಆ ವರ್ಕ್‌ಶಾಪಿನಲ್ಲಿ ನನ್ನ ಹೆಸರೇ ಸಾರಿ ಮೇಡಂ. ಲಲಿತಾ ಅಂತ ಒಂದು ಹೆಸರಿದೆ ಎನ್ನುವುದು ಹಾಜರಿ ಪುಸ್ತಕ ನೋಡಿದವರಿಗೆ ಮಾತ್ರ ಗೊತ್ತಿತ್ತು.

ಈಗ ಪೂರ್ತಿ ಮನೆಯವಳು. ಆದರೆ ಟೆಸ್ಟ್ ಬೆಂಚಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು, ನಾನು ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತನ್ನೇ ನೋಡಿಕೊಂಡು ಫೋನ್ ಮಾಡುತ್ತಾರೆ. "ಮೇಡಂ, ಕಾರ್ಡು ಬೆಂಚಲ್ಲಿ ಚೆನ್ನಾಗೇ ಐತೆ, ಸೈಟಿಗೆ ಹಾಕಿದ್ರೆ ಅಂಕಿ ಕುಣೀತದೆ. ಏನ್ ಮಾಡದು?" ಸಾಸಿವೆ ಸಿಡಿಯುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರವಲ್ಲ ಅದು. ಹಾಗಾಗಿ ಬರೆಯಲು ಕೂತಿದ್ದೇನೆ. ಬಡ್ತಿಯ ವಿಷಯ ಕೇಳಬೇಡಿ. ನಮ್ಮ ವರ್ಕ್‌ಶಾಪಿನಲ್ಲಿ ಇದ್ದದ್ದು ಎರಡೇ ಹುದ್ದೆ, ಸ್ಟೂಲಿನಲ್ಲಿ ಕೂರುವವರು ಮತ್ತು ಕುರ್ಚಿಯಲ್ಲಿ ಕೂರುವವರು. ನಾನು ಸ್ಟೂಲಿನಿಂದ ಕುರ್ಚಿಗೆ ಬಂದೆ. ಆ ವಿಷಯ ಅಷ್ಟಕ್ಕೇ ಮುಗಿಯಿತು.

ನಾನು ಅಲ್ಲಿಗೆ ಸೇರಿದ್ದು ಕೈಬರಹದಿಂದ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ನಾಲ್ಕು ಗೆರೆಯ ಪುಸ್ತಕದಲ್ಲಿ ಬಾಲದ ಅಕ್ಷರ ಕೆಳಗಿನ ಗೆರೆ ದಾಟಿದರೆ ಏನೂ ಬೈಯುತ್ತಿರಲಿಲ್ಲ, ಸುಮ್ಮನೆ ನಮ್ಮನ್ನು ನೋಡುತ್ತಿದ್ದರು. ಆ ನೋಟಕ್ಕೆ ಹೆದರಿ ಕಲಿತ ಅಕ್ಷರ. ಮಕ್ಕಳು ಹೈಸ್ಕೂಲಿಗೆ ಹೋದ ಮೇಲೆ, ಒಂದು ದಿನ ತುಮಕೂರಿನ ಶಿರಾ ಗೇಟಿನಲ್ಲಿ ಮಿಕ್ಸಿ ರಿಪೇರಿಗೆ ಹೋದಾಗ ಪಕ್ಕದ ಬಾಗಿಲಿಗೆ ಅಂಟಿಸಿದ್ದ ಚೀಟಿ ಕಂಡಿತು: ನೀಟಾಗಿ ಬರೆಯುವವರು ಬೇಕಾಗಿದ್ದಾರೆ. ಆ ಚೀಟಿಯ ಅಕ್ಷರ ನೋಡಿದರೆ ಅವರಿಗೆ ಎಷ್ಟು ಜರೂರಾಗಿ ಬೇಕಾಗಿದ್ದಾರೆ ಎನ್ನುವುದು ಗೊತ್ತಾಗುತ್ತಿತ್ತು.

ಕಾರ್ಖಾನೆಗಳ ಕಂಟ್ರೋಲ್ ಪ್ಯಾನೆಲ್ ಕಟ್ಟುವ ವರ್ಕ್‌ಶಾಪು ಅದು. ಯಜಮಾನರು ನಾಗಭೂಷಣ್ ಸರ್. ಇಂಜಿನಿಯರು, ಒಳ್ಳೆಯವರು, ಕಾಫಿ ತಣ್ಣಗಾದ ಮೇಲೆಯೇ ಕುಡಿಯುವವರು. ಖುಷಿಯಾಗಿದ್ದರೆ ನನ್ನನ್ನು "ಮೇಡಂ" ಎನ್ನುತ್ತಿದ್ದರು, ರೇಗಿದರೆ "ಅಮ್ಮಾ ತಾಯಿ". ಮೊದಲ ಆರು ತಿಂಗಳು ನನ್ನ ಕೆಲಸ ವೈರುಗಳ ನಂಬರು ಬರೆಯುವುದು, ಟೆಸ್ಟ್ ರಿಪೋರ್ಟು ಬರೆಯುವುದು. ಆಮೇಲೆ ಟೆಸ್ಟ್ ಮಾಡುತ್ತಿದ್ದಾತ ಕೆಲಸ ಬಿಟ್ಟ. "ಬೇರೆಯವರು ಸಿಗೋವರೆಗೂ ನೀವೇ ಸ್ವಲ್ಪ ನಾಬ್ ತಿರುಗಿಸ್ತಾ ಇರಿ ಮೇಡಂ" ಎಂದರು ಸರ್. ಬೇರೆಯವರು ಸಿಗಲಿಲ್ಲ. ಹುಡುಕಿದ್ದನ್ನೂ ನಾನು ಕಾಣಲಿಲ್ಲ.

ನಾನು ಟೆಸ್ಟ್ ಮಾಡುತ್ತಿದ್ದದ್ದು ಅನಲಾಗ್ ಇನ್‌ಪುಟ್ ಕಾರ್ಡು. ಕಾರ್ಖಾನೆ ನಡೆಸುವ ಕಂಟ್ರೋಲರಿಗೆ ಅದು ಕಿವಿ ಇದ್ದ ಹಾಗೆ. ಬೇರೆ ಕಾರ್ಡುಗಳು ಸಾರಿಗೆ ಉಪ್ಪು ಹಾಕಿದೆಯೋ ಇಲ್ಲವೋ ಅಷ್ಟನ್ನೇ ಹೇಳುತ್ತವೆ. ಇದು ಉಪ್ಪು ಎಷ್ಟಿದೆ ಅಂತ ಹೇಳುತ್ತದೆ. ಶಾಖ ಎಷ್ಟು, ಟ್ಯಾಂಕಿನಲ್ಲಿ ನೀರು ಎಷ್ಟು, ಒತ್ತಡ ಎಷ್ಟು. ಅಳೆಯುವ ಉಪಕರಣ ದೂರದಲ್ಲಿ ಕೂತು ತಂತಿಯಲ್ಲಿ ಒಂಚೂರು ಕರೆಂಟು ಕಳಿಸುತ್ತದೆ. ಏನೂ ಇಲ್ಲದಿದ್ದರೆ ನಾಲ್ಕು ಮಿಲಿಆಂಪ್, ಪೂರ್ತಿ ಇದ್ದರೆ ಇಪ್ಪತ್ತು. ಏನೂ ಇಲ್ಲದಿದ್ದರೆ ಸೊನ್ನೆ ಕಳಿಸಬಹುದಲ್ಲ, ನಾಲ್ಕು ಯಾಕೆ ಅಂತ ನಾನು ಮೊದಲ ದಿನವೇ ಕೇಳಿದೆ. ಸರ್ ಇಂಗ್ಲಿಷಿನಲ್ಲಿ ಹತ್ತು ನಿಮಿಷ ವಿವರಿಸಿದರು. ನನಗೆ ಅರ್ಥವಾದದ್ದು ಮನೆಗೆ ಹೋದ ಮೇಲೆ. ನಮ್ಮತ್ತೆ ಒಳಕೋಣೆಯಲ್ಲಿ ಕೂತಿರುತ್ತಿದ್ದರು. ಹೇಳುವುದು ಏನೂ ಇಲ್ಲದಿದ್ದರೂ ಆಗಾಗ ಸಣ್ಣಗೆ ಕೆಮ್ಮುತ್ತಿದ್ದರು. ನಾನಿದ್ದೀನಿ, ಎಲ್ಲ ಕೇಳಿಸ್ತಾ ಇದೆ ಅಂತ. ನಾಲ್ಕು ಮಿಲಿಆಂಪ್ ಎಂದರೆ ಆ ಕೆಮ್ಮು. ಕೆಮ್ಮೂ ನಿಂತರೆ ಎದ್ದು ಹೋಗಿ ನೋಡಬೇಕು, ಎಲ್ಲೋ ತಂತಿ ತುಂಡಾಗಿದೆ.

ಇದನ್ನು ಸರ್‌ಗೆ ಹೇಳಿದೆ. ಮಾರನೆಯ ವಾರದಿಂದ ಅವರು ಗಿರಾಕಿಗಳಿಗೆಲ್ಲ ತಮ್ಮದೇ ಅತ್ತೆಯ ಕೆಮ್ಮು ಎನ್ನುವ ಹಾಗೆ ಅದನ್ನೇ ಹೇಳತೊಡಗಿದರು. ನಮ್ಮತ್ತೆಗೆ ಹೇಳಿದರೆ, "ನನ್ ಕೆಮ್ಮು ಗುಬ್ಬಿ, ಕುಣಿಗಲ್ಲಿಗೆಲ್ಲ ಹೋಯ್ತೇನೇ? ನಾನಂತೂ ಈ ಕೋಣೆ ಬಿಟ್ಟು ಹೋಗಿಲ್ಲ" ಎಂದರು.

ಆಗಿನ ಬೆಂಚು ಅಂದರೆ ಒಂದು ಮರದ ಹಲಗೆ, ಒಂದು ತಿರುಗಿಸುವ ನಾಬು, ಒಂದು ಮುಳ್ಳಿನ ಮೀಟರು. ಗ್ಯಾಸ್ ಸ್ಟವ್ ಸಣ್ಣ ಮಾಡುವ ಹಾಗೆ ನಾಬನ್ನು ಕೂದಲೆಳೆಯಷ್ಟು ತಿರುಗಿಸಿ ಮುಳ್ಳನ್ನು ನಾಲ್ಕಕ್ಕೆ ನಿಲ್ಲಿಸಬೇಕು, ಪರದೆಯಲ್ಲಿ ಸೊನ್ನೆ ಬಂತೇ ನೋಡಬೇಕು. ಆಮೇಲೆ ಎಂಟು, ಹನ್ನೆರಡು, ಹದಿನಾರು, ಇಪ್ಪತ್ತು. ಹತ್ತುವಾಗ ಐದು ಮೆಟ್ಟಿಲು, ಇಳಿಯುವಾಗ ಐದು. ಇಳಿಯುವಾಗ ಬೇಕಿಲ್ಲ ಅಂತ ಬಿಟ್ಟರೆ ಸರ್ "ಅಮ್ಮಾ ತಾಯಿ" ಶುರು ಮಾಡುತ್ತಿದ್ದರು. ಆಮೇಲೆ ಕೈಯಲ್ಲಿ ಹಿಡಿಯುವ ಕ್ಯಾಲಿಬ್ರೇಟರ್ ಬಂತು. ಹನ್ನೆರಡು ಅಂತ ಒತ್ತಿದರೆ ಹನ್ನೆರಡೇ ಕೊಡುತ್ತದೆ. ಈಗ ಲ್ಯಾಪ್‌ಟಾಪು ತಾನೇ ಮೆಟ್ಟಿಲು ಹತ್ತಿ ಇಳಿದು ರಿಪೋರ್ಟೂ ಬರೆದುಬಿಡುತ್ತದೆ. ಒಳ್ಳೆಯದೇ. ಆದರೆ ಹುಡುಗಿಯರೇ, ನಾಬು ತಿರುಗಿಸುವಾಗ ಕಣ್ಣು ಮುಳ್ಳಿನ ಮೇಲೆ ಇರುತ್ತಿತ್ತು. ಈಗ ಕಣ್ಣು ಎಲ್ಲಿರುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಸಾರಿ ಎನ್ನುವ ಹೆಸರು ಬಂದದ್ದೂ ಆ ಹಲಗೆಯ ಮುಂದೆಯೇ. ಮೊದಲ ವಾರ ತಂತಿ ತಪ್ಪಾಗಿ ಸಿಕ್ಕಿಸಿ ಸಣ್ಣ ಕಿಡಿ ಹಾರಿತು. ನಾನು ಕಾರ್ಡಿನ ಕಡೆ ನೋಡಿ "ಸಾರಿ" ಎಂದೆ. ಕಾನ್ವೆಂಟಿನ ಅಭ್ಯಾಸ, ಡೆಸ್ಕಿಗೆ ಕಾಲು ತಾಗಿದರೂ ಹೇಳುತ್ತಿದ್ದೆವು. ನಾಗಭೂಷಣ್ ಸರ್ ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದರು. "ಕಾರ್ಡು ಪರವಾಗಿಲ್ಲ ಅಂತಾ?" ಎಂದು ಕೇಳಿದರು. ಅಲ್ಲಿಗೆ ನಾಮಕರಣ ಆಯಿತು.

ಹುಡುಗಿಯರು ಕೇಳಿದ ಕುಣಿತಕ್ಕೆ ಉತ್ತರ ಗುಬ್ಬಿಯಲ್ಲಿ ಸಿಕ್ಕಿತು. ಆ ಕಥೆಗೆ ಮುಂಚೆ ಕುಣಿಗಲ್ಲಿನ ನನ್ನ ತಪ್ಪನ್ನು ಹೇಳಲೇಬೇಕು. ಅದು ಆಗದಿದ್ದರೆ ಇದು ಆಗುತ್ತಿರಲಿಲ್ಲ. ಕುಣಿಗಲ್ಲಿನಲ್ಲೊಂದು ಹಾಲು ತಂಪು ಮಾಡುವ ಘಟಕ. ಅದರ ನೀರಿನ ಟ್ಯಾಂಕಿಗೆ ಮಟ್ಟ ಅಳೆಯುವ ಉಪಕರಣ, ನಮ್ಮ ಪ್ಯಾನೆಲ್ಲು. ಟ್ಯಾಂಕು ಖಾಲಿಯಾದರೆ ಪಂಪು ತಾನಾಗಿಯೇ ಓಡಬೇಕು. ನಾವು ಪ್ಯಾನೆಲ್ ಕೂರಿಸಿ ಬಂದ ಎರಡನೆಯ ದಿನವೇ ಫೋನು. ಹೋದೆ. ಪರದೆಯ ಮೇಲೆ ಟ್ಯಾಂಕು ನೂರಕ್ಕೆ ನೂರು ತುಂಬಿದೆ. ಕ್ಯಾನು ತೊಳೆಯಲು ತೊಟ್ಟು ನೀರಿಲ್ಲ. ನಾನು ಕಾರ್ಡು ಕೆಟ್ಟಿದೆ ಅಂತ ಬದಲಾಯಿಸಿದೆ. ಮತ್ತೆ ನೂರು. ಅದನ್ನೂ ಬದಲಾಯಿಸಿದೆ. ಮತ್ತೆ ನೂರು. ಹುತ್ರಿದುರ್ಗದ ಕಡೆಯ ಚಿಕ್ಕಣ್ಣ ಎನ್ನುವ ಪಂಪ್ ಆಪರೇಟರು ಅಷ್ಟು ಹೊತ್ತು ಸುಮ್ಮನೆ ನೋಡುತ್ತಿದ್ದ. ಕೊನೆಗೆ ಏಣಿ ಹತ್ತಿ ಟ್ಯಾಂಕಿನ ಹೊಟ್ಟೆಗೆ ಅಂಗೈಯಿಂದ ಬಡಿದ. ಢಣ್ ಅಂತ ಊರಿಗೆಲ್ಲ ಕೇಳಿಸಿತು.

"ಮೇಡಂ, ನಿಮ್ ಡಬ್ಬ ತುಂಬದೆ ಅಂತದೆ. ನಮ್ ಟ್ಯಾಂಕು ಹಸ್ಗೊಂಡದೆ. ಯಾರ್ ಮಾತ್ ನಂಬನ?"

ತಪ್ಪು ನನ್ನದೇ. ಕಾರ್ಡಿನ ಪಕ್ಕದಲ್ಲಿ ಕಡ್ಲೆಕಾಳಿನಷ್ಟು ಒಂದು ಸ್ವಿಚ್ಚಿರುತ್ತದೆ. ಬರುವುದು ಕರೆಂಟೋ ವೋಲ್ಟೇಜೋ ಅಂತ ಅದರಲ್ಲಿ ಹೇಳಬೇಕು. ನಾನು ಮೂರೂ ಕಾರ್ಡುಗಳಲ್ಲಿ, ಒಂದೇ ಸಮನೆ, ಬಹಳ ನೀಟಾಗಿ, ತಪ್ಪು ಕಡೆಗೆ ಇಟ್ಟಿದ್ದೆ. ಚಿಕ್ಕಣ್ಣನಿಗೆ ಸಾರಿ ಎಂದೆ. "ನಂಗ್ಯಾಕ್ ಮೇಡಂ, ಆ ಹಸಗಳ್ಗ್ ಹೇಳಿ" ಎಂದ. ವಾಪಸು ಬಂದ ಮೇಲೆ ನಾಗಭೂಷಣ್ ಸರ್ ಕೂಗಾಡಲಿಲ್ಲ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ತಮ್ಮ ಕೆಟ್ಟ ಅಕ್ಷರದಲ್ಲಿ ಬರೆದರು: ಮೊದಲು ಸ್ಥಳ ನೋಡಿ, ಆಮೇಲೆ ಕಾರ್ಡು ಕೀಳಿ. ಅದನ್ನು ನಾನೇ ಆಮೇಲೆ ಗುಂಡಗೆ ಬರೆದು ಗೋಡೆಗೆ ಅಂಟಿಸಿದೆ. ಈಗಲೂ ಅಲ್ಲೇ ಇದೆ.

ಇನ್ನು ಗುಬ್ಬಿ. ಅಲ್ಲಿ ಕೊಬ್ಬರಿ ಪುಡಿ ಮಾಡುವ ಕಾರ್ಖಾನೆ. ತೆಂಗಿನಕಾಯಿ ತುರಿದು, ಉದ್ದನೆಯ ಡ್ರೈಯರಿನಲ್ಲಿ ಬಿಸಿ ಗಾಳಿಗೆ ಒಣಗಿಸಿ, ಬಿಸ್ಕತ್ತಿನವರಿಗೂ ಮಿಠಾಯಿಯವರಿಗೂ ಕಳಿಸುತ್ತಾರೆ. ಪುಡಿ ಮಲ್ಲಿಗೆಯಷ್ಟು ಬಿಳಿ ಇರಬೇಕು. ಶಾಖ ಎಪ್ಪತ್ತೆರಡು ಡಿಗ್ರಿಯಲ್ಲಿ ನಿಲ್ಲಬೇಕು. ಹೆಚ್ಚಾದರೆ ಹಳದಿ. ಹಳದಿಯಾದರೆ ಯಾರೂ ಮುಟ್ಟುವುದಿಲ್ಲ.

ಡ್ರೈಯರ್ ನೋಡಿಕೊಳ್ಳುತ್ತಿದ್ದವನು ಶಿವಣ್ಣ. ಐವತ್ತರ ಆಸುಪಾಸು, ಹುಬ್ಬಿನ ಮೇಲೆಲ್ಲ ಕೊಬ್ಬರಿ ಪುಡಿ, ನಕ್ಕರೆ ಉದುರುತ್ತಿತ್ತು. ಮ್ಯಾನೇಜರ್ ಪ್ರಸನ್ನ ಕುಮಾರ್ ಹೊಸಬರು, ಇಸ್ತ್ರಿ ಮುರಿಯದ ಶರ್ಟಿನವರು, ಅಚ್ಚುಕಟ್ಟಿಗೆ ಹೆಸರಾದವರು. ಒಂದೆರಡು ತಿಂಗಳಿಂದ ಪರದೆಯ ಮೇಲೆ ಶಾಖ ಕುಣಿಯುತ್ತಿತ್ತು. ಎಪ್ಪತ್ತೆರಡು, ಎಂಬತ್ತೆಂಟು, ಅರವತ್ತು, ಮತ್ತೆ ಎಂಬತ್ತು. ಕಂಟ್ರೋಲರ್ ಪಾಪ ಅದನ್ನು ನಂಬಿ ಬೆಂಕಿಯನ್ನು ಏರಿಸುವುದು, ಇಳಿಸುವುದು. ಎರಡು ಸಲ ಪುಡಿ ಹಳದಿಯಾಯಿತು. ಶಿವಣ್ಣ ಕೊನೆಗೆ ಆಟೋಮ್ಯಾಟಿಕ್ ಅನ್ನು ಆಫ್ ಮಾಡಿ, ಮೂಗು ನಂಬಿ ಕೈಯಲ್ಲೇ ಬೆಂಕಿ ಆಡಿಸುತ್ತಿದ್ದ. ರಿಜಿಸ್ಟರಿನಲ್ಲಿ ಎಪ್ಪತ್ತೆರಡು ಅಂತ ಬರೆಯುತ್ತಿದ್ದ. ಮ್ಯಾನೇಜರ ಕಂಪ್ಯೂಟರಿನಲ್ಲಿ ಅದೇ ಹೊತ್ತಿಗೆ ಎಂಬತ್ತೆಂಟು.

ಒಂದು ಗುರುವಾರ ನಾನು ಹೋದಾಗ ಇಬ್ಬರೂ ಪ್ಯಾನೆಲ್ ಮುಂದೆಯೇ ನಿಂತಿದ್ದರು.

"ಕಂಪ್ಯೂಟರ್ ಸುಳ್ಳು ಹೇಳುತ್ತಾ ಮೇಡಂ? ಈತ ಮೆಷಿನ್ ಬಿಟ್ಟು ಎಲ್ಲೋ ಹೋಗಿ, ಆಮೇಲೆ ಬಂದು ಅಂದಾಜಲ್ಲಿ ಬರೀತಾನೆ" ಎಂದರು ಮ್ಯಾನೇಜರು.

"ಅಂದಾಜಲ್ಲ ಸಾ, ವಾಸ್ನೆ. ಕೊಬ್ರಿ ಎಂಬತ್ತಾದ್ರೆ ಬೇರೆ ವಾಸ್ನೆ ಬತ್ತದೆ" ಎಂದ ಶಿವಣ್ಣ.

"ರಿಜಿಸ್ಟರಲ್ಲಿ ವಾಸನೆಗೆ ಕಾಲಂ ಇದೆಯೇನ್ರಿ?" ಎಂದು ಕೇಳಿ, ಮ್ಯಾನೇಜರು ನನ್ನ ಕಡೆ ತಿರುಗಿದರು. "ನೋಡಿ ಮೇಡಂ. ಕಾರ್ಡು ಕೆಟ್ಟಿದ್ರೆ ಕೆಟ್ಟಿದೆ ಅಂತ ಬರ್ಕೊಡಿ, ಹೊಸದು ಹಾಕ್ಸೋಣ. ಸರಿಯಾಗಿದ್ರೆ ತಪ್ಪು ಈತಂದೇ. ಶನಿವಾರದಿಂದ ಈತ ಬರೋದ್ ಬೇಡ."

ಕಾರ್ಡು ಕಿತ್ತುಕೊಂಡು ಬಸ್ಸಿನಲ್ಲಿ ತುಮಕೂರಿಗೆ ಬಂದೆ. ಮಡಿಲಲ್ಲಿ ಇಟ್ಟುಕೊಂಡ ಆ ಡಬ್ಬಿ ಕೆಟ್ಟಿರಲಿ ಅಂತ ದಾರಿಯುದ್ದಕ್ಕೂ ಬೇಡಿಕೊಂಡೆ. ಟೆಸ್ಟ್ ಮಾಡುವವಳು ಅಂಥ ಹರಕೆ ಹೊರಬಾರದು, ಗೊತ್ತು. ಬೆಂಚಿಗೆ ಹಾಕಿದೆ. ನಾಲ್ಕು, ಎಂಟು, ಹನ್ನೆರಡು. ಹತ್ತುವಾಗ ಐದು, ಇಳಿಯುವಾಗ ಐದು. ಒಂದು ಕೂದಲೂ ಅಲ್ಲಾಡಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಒಳ್ಳೆಯ ಕಾರ್ಡು ನೋಡಿರಲಿಲ್ಲ. ಎರಡನೆಯ ಸಲ ಮಾಡಿದೆ, ಮೂರನೆಯ ಸಲ ಮಾಡಿದೆ. ಪ್ರತಿ ಸಲವೂ ಶಿವಣ್ಣನ ಕೆಲಸಕ್ಕೆ ಒಂದೊಂದು ಮೊಳೆ ಹೊಡೆದ ಹಾಗೆ ಆಗುತ್ತಿತ್ತು.

"ಕಾರ್ಡ್ ಓಕೆ ಅಂತ ರಿಪೋರ್ಟ್ ಕಳಿಸಿ ಮೇಡಂ" ಎಂದರು ನಾಗಭೂಷಣ್ ಸರ್.

ನಾನು ಗೋಡೆಯ ಮೇಲಿದ್ದ ಚೀಟಿಯನ್ನು ತೋರಿಸಿದೆ. ಮೊದಲು ಸ್ಥಳ ನೋಡಿ. "ನಾನು ಸ್ಥಳ ನೋಡಲೇ ಇಲ್ಲ ಸರ್. ಅವರಿಬ್ಬರ ಜಗಳ ನೋಡಿ ಬಂದೆ."

ಸರ್ ತಮ್ಮ ಬರಹವನ್ನು ನನ್ನ ಅಕ್ಷರದಲ್ಲಿ ಓದಿಕೊಂಡು, ತಣ್ಣಗಾದ ಕಾಫಿ ಕುಡಿದರು. "ನಾಳೆ ಒಂದು ದಿನ. ಅಷ್ಟೇ ಅಮ್ಮಾ ತಾಯಿ."

ಶುಕ್ರವಾರ ಬೆಳಿಗ್ಗೆ ಗೇಟಿನಲ್ಲೇ ಶಿವಣ್ಣ ಕಾದಿದ್ದ. "ಕೆಟ್ಟದಾ ಮೇಡಂ?" ಎಂದ ಆಸೆಯಿಂದ.

"ಇಲ್ಲ ಶಿವಣ್ಣ. ಚೆನ್ನಾಗಿದೆ. ಸಾರಿ."

ಅವನ ಮುಖ ಇಳಿಯಿತು. "ಬುಡಿ. ನಿಮ್ದೇನ್ ತಪ್ಪು" ಎಂದು ನನ್ನ ಬ್ಯಾಗು ಇಸಕೊಂಡು ಮುಂದೆ ನಡೆದ. ಯಾರು ಯಾರಿಗೆ ಸಮಾಧಾನ ಹೇಳಬೇಕಿತ್ತು!

ಕಾರ್ಡು ಕೂರಿಸಿದೆವು. ಬ್ಲೋವರ್ ಶುರುವಾಯಿತು. ಬ್ಲೋವರ್ ಅಂದರೆ ಡ್ರೈಯರಿಗೆ ಗಾಳಿ ಊದುವ ದೊಡ್ಡ ಫ್ಯಾನು. ಎಪ್ಪತ್ತೆರಡು ಕುಣಿಯತೊಡಗಿತು. ಎಂಬತ್ತೆಂಟು ತೋರಿಸಿದ ಕ್ಷಣ ಶಿವಣ್ಣ ಸಣ್ಣ ಕಿಂಡಿ ತೆಗೆದು ಚಮಚದಲ್ಲಿ ಪುಡಿ ತೆಗೆದು ನನ್ನ ಅಂಗೈಗೆ ಹಾಕಿದ. ಮೂಸಿ ನೋಡಿದೆ. ಮೂವತ್ತು ವರ್ಷ ಕೊಬ್ಬರಿ ಮಿಠಾಯಿ ಮಾಡಿದ್ದೇನೆ, ಅದರಲ್ಲಿ ಹತ್ತು ಸಲವಾದರೂ ಸೀಯಿಸಿದ್ದೇನೆ. ಸೀದ ಕೊಬ್ಬರಿಯ ವಾಸನೆ ನನಗೆ ಹೇಳಿಕೊಡಬೇಕಾಗಿಲ್ಲ. ಇದು ಹಾಲಿನ ವಾಸನೆ. ಮಲ್ಲಿಗೆ ಬಿಳಿ. ಡ್ರೈಯರ್ ಸರಿ, ಶಿವಣ್ಣನ ಮೂಗು ಸರಿ, ಕಾರ್ಡೂ ಸರಿ. ಹಾಗಾದರೆ ಸುಳ್ಳು ಹೇಳುತ್ತಿರುವವರು ಯಾರು?

ಡ್ರೈಯರಿನಿಂದ ಬರುವ ತಂತಿಯನ್ನು ಬಿಚ್ಚಿ, ಅದರ ಜಾಗಕ್ಕೆ ನನ್ನ ಕ್ಯಾಲಿಬ್ರೇಟರ್ ಸಿಕ್ಕಿಸಿದೆ. ಸಂಖ್ಯೆ ಕಲ್ಲಿನ ಹಾಗೆ ನಿಂತಿತು. ತಂತಿ ವಾಪಸು ಹಾಕಿದೆ, ಕುಣಿಯಿತು. ಶಿವಣ್ಣನಿಗೆ ಹೇಳಿ ಬ್ಲೋವರ್ ನಿಲ್ಲಿಸಿದೆ, ಕುಣಿತ ನಿಂತಿತು. ಶುರು ಮಾಡಿದೆ, ಮತ್ತೆ ಕುಣಿತ. ಅಲ್ಲಿಗೆ ಅರ್ಧ ಗೊತ್ತಾಯಿತು. ಬ್ಲೋವರಿನ ಮೋಟರು ಎಬ್ಬಿಸುವ ಗದ್ದಲ ದಾರಿಯಲ್ಲಿ ತಂತಿಯೊಳಗೆ ನುಗ್ಗುತ್ತಿದೆ. ಹಾಗೆ ನುಗ್ಗಬಾರದು ಅಂತಲೇ ತಂತಿಗೆ ಸುತ್ತಲೂ ಜಾಲರಿಯ ಹೊದಿಕೆ ಇರುತ್ತದೆ. ಗದ್ದಲವನ್ನು ಅದು ಹಿಡಿದು, ಅರ್ಥಿಂಗ್ ತಂತಿಯ ಮೂಲಕ ನೆಲಕ್ಕೆ ಇಳಿಸಿಬಿಡಬೇಕು. ಹೊದಿಕೆ ಸರಿಯಾಗಿತ್ತು. ಅರ್ಥಿಂಗಿನ ಹಸಿರು ತಂತಿಯೂ ಪ್ಯಾನೆಲ್ಲಿನಲ್ಲಿ ಗಟ್ಟಿಯಾಗಿ ಕೂತಿತ್ತು. ಅದು ಗೋಡೆಯ ತೂತಿನಿಂದ ಆಚೆ ಹೋಗಿತ್ತು. ನಾನೂ ಆಚೆ ಹೋದೆ.

ಹಿತ್ತಿಲ ಗೋಡೆಯ ಪಕ್ಕ ಅರ್ಥಿಂಗ್ ಗುಂಡಿ. ಇಟ್ಟಿಗೆ ಕಟ್ಟೆ, ಮೇಲೊಂದು ಸಿಮೆಂಟು ಮುಚ್ಚಳ, ಒಳಗೆ ನೆಲಕ್ಕಿಳಿದ ಕಂಬಿ. ಅದರ ಮೇಲೆ ಹೊಳೆಯುವ ಬೋರ್ಡು: ಇಲ್ಲಿ ಕೈ ತೊಳೆಯಬಾರದು. ಸುತ್ತಲೂ ಒಣಗಿ ಕಡ್ಡಿಯಾದ ಗಿಡಗಳು. ಬಗ್ಗಿ ನೋಡಿದೆ. ಟೊಮ್ಯಾಟೊ ಗಿಡ, ಒಂದಲ್ಲ, ಏಳೆಂಟು. ಒಂದು ಮೆಣಸಿನ ಗಿಡ. ಒಂದು ಕುಂಬಳದ ಬಳ್ಳಿ ಕಟ್ಟೆಯನ್ನು ಹಿಡಿದುಕೊಂಡೇ ಸತ್ತಿತ್ತು. ಕಾರ್ಖಾನೆಯ ಹಿತ್ತಿಲಲ್ಲಿ ಇಷ್ಟು ಅಡ್ಡಾದಿಡ್ಡಿಯಾಗಿ ತರಕಾರಿ ಯಾರು ಹಾಕುತ್ತಾರೆ?

"ಶಿವಣ್ಣ, ಈ ಗಿಡಕ್ಕೆಲ್ಲ ಯಾರು ನೀರು ಹಾಕ್ತಿದ್ರು?"

"ಯಾರೂ ಹಾಕ್ತಿರ್ನಿಲ್ಲ ಮೇಡಂ. ನಾವ್ ನಲವತ್ ಜನ ಉಂಡ್ಬುಟ್ಟು ಇಲ್ಲೇ ಕೈ ತೊಳೀತಿದ್ವಿ. ತರ್ಕಾರಿ ಹೆಚ್ಚಿದ್ ಬೀಜ ಬಿದ್ದು ತಾನೇ ಹುಟ್ಟಿದ್ವು."

"ಈಗ?"

"ಈಗ ಸಾಹೇಬ್ರು ಸಿಂಕ್ ಹಾಕ್ಸವ್ರಲ್ಲ. ಕೈ ಹಿಡುದ್ರೆ ತಾನೇ ನೀರ್ ಬುಡ್ತದೆ. ನನ್ ಕೈ ಕಂಡ್ರೆ ಮಾತ್ರ ಬುಡಲ್ಲ."

ನಾನು ಒಳಗೆ ಹೋಗಿ ಅವನ ರಿಜಿಸ್ಟರ್ ತೆಗೆದೆ. ಅವನು ಕೈಯಲ್ಲಿ ಆಡಿಸತೊಡಗುವುದಕ್ಕೆ ಮುಂಚಿನ ಪುಟಗಳಲ್ಲಿ ಮೊದಲ ಕುಣಿತ ಯಾವತ್ತು ಅಂತ ನೋಡಿದೆ. "ಸಿಂಕ್ ಯಾವತ್ತು ಬಂತು?" ಎಂದು ಕೇಳಿದೆ. ಶಿವಣ್ಣ ಬೆರಳು ಮಡಿಚಿ ನೆನಪು ಮಾಡಿಕೊಂಡ. ಸಿಂಕು, ಬೋರ್ಡು ಎರಡೂ ಬಂದು, ಗುಂಡಿ ಒಣಗಲು ಸುಮಾರು ಮೂರು ವಾರ. ಆಮೇಲೆ ಕುಣಿತ. ಮುಚ್ಚಳ ಎತ್ತಿದೆವು. ಒಳಗೆ ಮಣ್ಣು ಬಿರುಕು ಬಿಟ್ಟು, ಇರುವೆಗಳು ಸಂಸಾರ ಹೂಡಿದ್ದವು. ಅರ್ಥಿಂಗ್ ಕೆಲಸ ಮಾಡಬೇಕಾದರೆ ಮಣ್ಣು ಒದ್ದೆ ಇರಬೇಕು, ಉಪ್ಪು ಬೆರೆತಿದ್ದರೆ ಇನ್ನೂ ಒಳ್ಳೆಯದು. ಒಣಗಿದ ಮಣ್ಣಿಗೆ ಗದ್ದಲ ಇಳಿಯುವುದಿಲ್ಲ, ತಿರುಗಿ ಬಂದು ನಮ್ಮ ಕಾರ್ಡಿನ ಕಿವಿಯಲ್ಲೇ ಕೂತು ಕಿರುಚುತ್ತದೆ.

"ಬಕೆಟ್ ತಗೊಂಬಾ ಶಿವಣ್ಣ. ಅಡಿಗೆಮನೆಯಿಂದ ಕಲ್ಲುಪ್ಪು ತಗೊಂಬಾ."

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಜನ ಸುತ್ತಲೂ ಸೇರಿದರು. ನಾನು ಸೀರೆಯ ಸೆರಗು ಸಿಕ್ಕಿಸಿಕೊಂಡು ಗುಂಡಿಗೆ ಉಪ್ಪು ಹಾಕಿ ನೀರು ಸುರಿಯುತ್ತಿದ್ದೆ. ತುರಿಯುವ ಸೆಕ್ಷನ್ನಿನ ಹೆಂಗಸೊಬ್ಬಳು ಪಕ್ಕದವಳನ್ನು ಕೇಳಿದಳು, "ಏನೇ, ಶುಕ್ರವಾರ ಅಂತ ಪೂಜೆನೇನೇ?"

"ಊದುಬತ್ತಿ ಕಾಣಲ್ವಲ್ಲೇ. ಇದ್ಯಾವ್ದೋ ತುಮ್ಕೂರ್ ಕಡೆ ಪದ್ಧತಿ ಇರ್ಬೇಕು" ಎಂದಳು ಪಕ್ಕದವಳು.

ಏಳನೆಯ ಬಕೆಟ್ಟಿಗೆ ಮ್ಯಾನೇಜರು ಬಂದರು. "ಏನ್ರೀ ಇದು? ಬೋರ್ಡ್ ಕಾಣಲ್ವಾ? ಮೇಡಂ, ನೀವೂನಾ?"

"ಸಾರಿ ಸರ್" ಎಂದೆ. "ಇನ್ನೊಂದು ಹತ್ತು ನಿಮಿಷ. ಆಮೇಲೆ ನನ್ನ ಜೊತೆ ಒಳಗೆ ಬನ್ನಿ. ಕುಣಿದರೆ ನೀವು ಹೇಳಿದ ಹಾಗೆ ರಿಪೋರ್ಟ್ ಬರೆದುಕೊಡ್ತೀನಿ."

ಹೇಳಿಬಿಟ್ಟ ಮೇಲೆ ಹೊಳೆಯಿತು: ಬಾಯಿ ತಪ್ಪಿ ಶಿವಣ್ಣನ ಅನ್ನವನ್ನು ಪಣಕ್ಕೆ ಇಟ್ಟಿದ್ದೆ. ಅವನು ಇನ್ನೂ ಎರಡು ಬಕೆಟ್ ತಂದು ಸುರಿದ. ಮಣ್ಣು ಗುಳುಗುಳು ಅಂತ ಕುಡಿಯಿತು.

ಎಲ್ಲರೂ ಪ್ಯಾನೆಲ್ ಮುಂದೆ ಬಂದು ನಿಂತೆವು. ಬ್ಲೋವರ್ ಓಡುತ್ತಿತ್ತು. ಎಪ್ಪತ್ತೊಂಬತ್ತು ಎಂದಿತು. ಮ್ಯಾನೇಜರು ನನ್ನ ಮುಖ ನೋಡಿದರು. ಎಪ್ಪತ್ತೈದು. ಎಪ್ಪತ್ತು. ಎಪ್ಪತ್ಮೂರು. ಎಪ್ಪತ್ತೆರಡು. ಎಪ್ಪತ್ತೆರಡು. ಹಿಂದಿನಿಂದ ಯಾರೋ ಟಿಫನ್ ಡಬ್ಬಿಯ ಮುಚ್ಚಳ ಹಾಕಿದ ಸದ್ದಾಯಿತು. ಎಪ್ಪತ್ತೆರಡು.

"ಬ್ಲೋವರ್ ಆಫ್ ಮಾಡಿ ಆನ್ ಮಾಡಿ" ಎಂದರು ಮ್ಯಾನೇಜರು. ಮಾಡಿದೆವು. ಒಂದೇ ಒಂದು ಸಲ ಎಪ್ಪತ್ಮೂರು ಅಂದು, ತಪ್ಪಾಯಿತು ಎನ್ನುವ ಹಾಗೆ ಎಪ್ಪತ್ತೆರಡಕ್ಕೆ ಬಂದು ನಿಂತಿತು.

"ಕೈ ತೊಳೆಯೋದಕ್ಕೂ ಟೆಂಪರೇಚರಿಗೂ ಏನ್ ಸಂಬಂಧ ಮೇಡಂ?"

"ಅರ್ಥಿಂಗಿಗೂ ಬಾಯಾರುತ್ತೆ ಸರ್. ಇಷ್ಟು ದಿನ ನಲವತ್ತು ಜನ ಗೊತ್ತಿಲ್ಲದೆ ನೀರು ಕುಡಿಸ್ತಿದ್ರು."

ನಾನು ಅಲ್ಲೇ ಕೂತು ರಿಪೋರ್ಟು ಬರೆದೆ. ನಮ್ಮ ಫಾರಂನಲ್ಲಿ ಕಾರಣ ಅಂತ ಒಂದು ಕಾಲಂ ಇದೆ. ಅದರಲ್ಲಿ ನಾನು, "ಅರ್ಥಿಂಗ್ ಗುಂಡಿಯ ಬಳಿ ಕೈ ತೊಳೆಯುವುದನ್ನು ನಿಲ್ಲಿಸಿದ್ದು" ಎಂದು ಬರೆದೆ. ಪರಿಹಾರದ ಕಾಲಂನಲ್ಲಿ, "ತಟ್ಟೆ ಸಿಂಕಿನಲ್ಲಿ, ಕೈ ಗುಂಡಿಯಲ್ಲಿ. ರಜಾದಿನ ಎರಡು ಬಕೆಟ್ ನೀರು." ಕೊನೆಗೆ, ಫಾರಂನಲ್ಲಿ ಜಾಗವೇ ಇಲ್ಲದ ಕಡೆ, ಗೆರೆಯ ಕೆಳಗೆ, ಒಂದು ಸಾಲು ಸೇರಿಸಿದೆ: ಆಪರೇಟರ ತಪ್ಪು ಏನೂ ಇಲ್ಲ, ರಿಜಿಸ್ಟರಿನ ಅಂಕಿಗಳು ಸರಿಯಾಗಿವೆ.

ಮ್ಯಾನೇಜರು ಓದಿದರು. "ಈ ಲಾಸ್ಟ್ ಲೈನ್ ಬೇಕಾ?"

ನನ್ನ ಸ್ವಭಾವಕ್ಕೆ ನಾನು ಸಾರಿ ಎಂದು ಅದನ್ನು ಹೊಡೆದು ಹಾಕಬೇಕಿತ್ತು. ಅದ್ಯಾಕೋ ಸಿಸ್ಟರ್ ಬಾಲದ ಅಕ್ಷರ ನೋಡುತ್ತಿದ್ದ ಹಾಗೆ ಅವರನ್ನು ಸುಮ್ಮನೆ ನೋಡಿದೆ. ಪಕ್ಕದಲ್ಲಿ ಶಿವಣ್ಣ ನೆಲ ನೋಡುತ್ತಿದ್ದ.

"ಊಟ ಆದ್ಮೇಲೆ ಸೈನ್ ಮಾಡ್ತೀನಿ" ಎಂದು ಅವರು ಒಳಗೆ ಹೋದರು.

ನಾವು ಹೊರಗೆ ಕಾದೆವು. ಆ ಊಟ ಬಹಳ ಉದ್ದದ ಊಟ. ಕೊನೆಗೆ ಬಾಗಿಲು ತೆರೆಯಿತು. ಮ್ಯಾನೇಜರು ಬಲಗೈಯನ್ನು ಶರ್ಟಿಗೆ ತಾಗದ ಹಾಗೆ ದೂರ ಹಿಡಿದು ನಿಂತಿದ್ದರು. ಬೆರಳಿಗೆಲ್ಲ ಹುಳಿಯನ್ನ. ಸಿಂಕಿನ ಕಡೆ ನೋಡಿದರು. ಆಮೇಲೆ ನಮ್ಮ ಕಡೆ. ಎಡಗೈಯಲ್ಲಿ ಪ್ಯಾಂಟಿನ ಇಸ್ತ್ರಿ ಗೆರೆಯನ್ನು ಚೂರು ಎತ್ತಿ ಹಿಡಿದು, ಸೀದಾ ಗುಂಡಿಯ ಹತ್ತಿರ ಬಂದು ಬಗ್ಗಿದರು. ಶಿವಣ್ಣ ಚೊಂಬಿನಿಂದ ನೀರು ಬಿಟ್ಟ. ಅವರು ಕೈ ತೊಳೆದು ಏಳಲು ಹೋದರು.

"ಇನ್ನೊಂಚೂರು ಹಂಗೇ ಇರಿ ಸಾ" ಎಂದ ಶಿವಣ್ಣ, ಚೊಂಬು ಬಗ್ಗಿಸುತ್ತಲೇ. "ಅರ್ಥಿಂಗು ಕುಡೀಲಿ."

ಮ್ಯಾನೇಜರು ಹಾಗೇ ಇದ್ದರು. ಚೊಂಬು ಖಾಲಿಯಾಗುವವರೆಗೂ. "ಸೋಮವಾರ ಮೊದಲನೇ ಶಿಫ್ಟು ನಿಂದೇ ತಾನೇ?" ಎಂದರು ನೆಲ ನೋಡಿಕೊಂಡೇ. "ನಾಳೆಯದೂ ನಂದೇ ಸಾ" ಎಂದ ಶಿವಣ್ಣ. "ಹಾಂ, ನಾಳೆಯದೂ." ಅಷ್ಟು ಹೇಳಿ, ಕೈ ಒರೆಸಿಕೊಳ್ಳದೆ ನನ್ನ ಪೆನ್ನು ತೆಗೆದುಕೊಂಡು ಸೈನ್ ಹಾಕಿದರು. ಒದ್ದೆ ಬೆರಳಿಗೆ ಇಂಕು ಹರಡಿ, ಸೈನು, ನನ್ನ ಕೊನೆಯ ಸಾಲಿನ ಅರ್ಧ, ಎಲ್ಲ ನೀಲಿಯಾಯಿತು. ಆದರೂ ಓದಬಹುದಿತ್ತು.

ಸಂಜೆ ವರ್ಕ್‌ಶಾಪಿನಲ್ಲಿ ನಾಗಭೂಷಣ್ ಸರ್ ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಒಂದೇ ಒಂದು ರಿಪೋರ್ಟು ಮಸಿ ಹತ್ತಿಸಿಕೊಂಡು ಬಂದಿರಲಿಲ್ಲ. "ಏನಮ್ಮಾ ತಾಯಿ ಇದು, ಇಷ್ಟು ಗಲೀಜು?" ಎಂದರು.

ಮೂಲೆಯಲ್ಲಿ ವೈರು ಸುಲಿಯುತ್ತಿದ್ದವರೂ ಕೆಲಸ ನಿಲ್ಲಿಸಿ ನನ್ನ ಕಡೆ ತಿರುಗಿದರು, ಈಗ ಬರುತ್ತದೆ ನೋಡು ಅಂತ.

ಆ ಹಾಳೆಗೆ ಮಾತ್ರ ನಾನು ಸಾರಿ ಅನ್ನಲಿಲ್ಲ.